ತಲೆ ಸಿಡಿಯುತ್ತಿದ್ದರೆ ಮೊದಲು ಕ್ಯಾಥೆಟರ್ ನೋಡಿ: ಬೆನ್ನುಹುರಿ ಪೆಟ್ಟು ಮತ್ತು ಹದ ತಪ್ಪುವ ಬಿಪಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆನ್ನುಹುರಿಗೆ ಪೆಟ್ಟಾದವರಿಂದ, ಅವರನ್ನು ನೋಡಿಕೊಳ್ಳುವವರಿಂದ ಬಂದಿವೆ. ಇದ್ದಕ್ಕಿದ್ದಂತೆ ಏರುವ ಬಿಪಿ, ಕೂತೊಡನೆ ಕುಸಿಯುವ ಬಿಪಿ, ಬೆವರು, ಮೈಬಿಸಿ ಇವೇ ಎಲ್ಲರ ಪ್ರಶ್ನೆ. ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಅಣ್ಣನಿಗೆ ಎಂಟು ತಿಂಗಳ ಹಿಂದೆ ಕುತ್ತಿಗೆಯ ಸಿ-6 ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಮೂತ್ರಕ್ಕೆ ಕ್ಯಾಥೆಟರ್ (ಮೂತ್ರ ಹೊರಬಿಡುವ ನಳಿಕೆ) ಹಾಕಿದ್ದಾರೆ. ಈಚೆಗೆ ವಾರಕ್ಕೊಂದೆರಡು ಸಲ ಮುಖ ಕೆಂಪಾಗುತ್ತದೆ, ಹಣೆಯಿಂದ ಬೆವರು ಇಳಿಯುತ್ತದೆ, ತಲೆ ಸಿಡಿಯುತ್ತಿದೆ ಎನ್ನುತ್ತಾನೆ. ಆಗ ಬಿಪಿ 150/90 ಇರುತ್ತದೆ, ಉಳಿದ ಹೊತ್ತು 100/60. ದಿನಾ ಬಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ. ಶುರುಮಾಡಬಹುದೆ?

ಉತ್ತರ: ಶುರುಮಾಡುವ ಮೊದಲು ಬೆನ್ನುಹುರಿ ಪೆಟ್ಟಿನ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರಿಗೆ ಈ ಎರಡೂ ಅಂಕಿಗಳನ್ನು ತೋರಿಸಿ. ನೀವು ಬರೆದ ಲಕ್ಷಣಗಳು ಮಾಮೂಲಿ ರಕ್ತದೊತ್ತಡದ ಕಾಯಿಲೆಯವಲ್ಲ. ಇದಕ್ಕೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಬೆನ್ನುಹುರಿಗೆ ಟಿ-6 ಮಟ್ಟದಲ್ಲಿ (ಎದೆಭಾಗದ ಆರನೆಯ ಮಟ್ಟ; ಸಿ ಎಂದರೆ ಕುತ್ತಿಗೆ, ಎಲ್ ಎಂದರೆ ಸೊಂಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದು ಬರುತ್ತದೆ. ಪೆಟ್ಟಾದ ಮೊದಲ ವಾರಗಳಲ್ಲಿ ಬೆನ್ನುಹುರಿ ಮರವಟ್ಟಂತಿರುತ್ತದೆ. ಆ ಸ್ಥಿತಿ ಕಳೆದು ಕೆಳಭಾಗದ ಪ್ರತಿವರ್ತನೆಗಳು ಮರಳಿದ ಮೇಲೆ, ಹೆಚ್ಚಿನವರಲ್ಲಿ ಮೊದಲ ವರ್ಷದೊಳಗೇ, ಇದು ಕಾಣಿಸಿಕೊಳ್ಳುತ್ತದೆ. ಅಣ್ಣನ ಎಂಟು ತಿಂಗಳು ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಒಳಗೆ ನಡೆಯುವುದು ಹೀಗೆ. ಮೂತ್ರಕೋಶ ತುಂಬಿ ಬಿಗಿಯುತ್ತದೆ. ಆ ಸುದ್ದಿ ಬೆನ್ನುಹುರಿಯಲ್ಲಿ ಮೇಲೇರುತ್ತದೆ, ಆದರೆ ಪೆಟ್ಟಾದ ಜಾಗದಲ್ಲಿ ದಾರಿ ಮುಚ್ಚಿದೆ. ಮಿದುಳನ್ನು ಮುಟ್ಟದ ಸುದ್ದಿ ಕೆಳಗಡೆಯೇ ರಕ್ತನಾಳಗಳನ್ನು ಬಿಗಿಸುವ ಸಿಂಪಥೆಟಿಕ್ ನರಗಳನ್ನು ಕೆರಳಿಸಿ, ಹೊಟ್ಟೆಯ ಭಾಗದ ರಕ್ತನಾಳಗಳೆಲ್ಲ ಒಟ್ಟಿಗೆ ಬಿಗಿಯುವಂತೆ ಮಾಡುತ್ತದೆ. ಅಪಾರ ರಕ್ತ ಹಿಡಿದಿಡುವ ನಾಳಗಳು ಅವು. ಅವು ಬಿಗಿದರೆ ಬಿಪಿ ಚಿಮ್ಮುತ್ತದೆ. ಕುತ್ತಿಗೆಯ ಕ್ಯಾರೋಟಿಡ್ ನಾಳದಲ್ಲೂ ಮಹಾಪಧಮನಿಯಲ್ಲೂ ಒತ್ತಡ ಅರಿಯುವ ನರತುದಿಗಳಿವೆ. ಅವು ಎಚ್ಚರಿಸಿದೊಡನೆ ಮಿದುಳು ಎರಡು ಆಜ್ಞೆ ಹೊರಡಿಸುತ್ತದೆ. ಹೃದಯ ನಿಧಾನವಾಗಲಿ ಎಂಬುದು ವೇಗಸ್ ನರದಲ್ಲಿ ಹೋಗುತ್ತದೆ. ಆ ನರ ಬೆನ್ನುಹುರಿಯೊಳಗೆ ಹಾಯುವುದಿಲ್ಲವಾದ್ದರಿಂದ ಆಜ್ಞೆ ಮುಟ್ಟುತ್ತದೆ, ನಾಡಿ ಇಳಿಯುತ್ತದೆ. ನಾಳಗಳು ಸಡಿಲಾಗಲಿ ಎಂಬ ಇನ್ನೊಂದು ಆಜ್ಞೆ ಬೆನ್ನುಹುರಿಯಲ್ಲೇ ಇಳಿಯಬೇಕು. ಅದು ಪೆಟ್ಟಾದ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಅದಕ್ಕೇ ಮೇಲಿನ ಮೈ ಕೆಂಪಾಗಿ ಬೆವರುತ್ತದೆ, ಮೂಗು ಕಟ್ಟುತ್ತದೆ. ಕೆಳಗಿನ ಮೈ ಬಿಳಿಚಿ ತಣ್ಣಗಾಗಿ, ರೋಮ ನಿಮಿರುತ್ತದೆ. ವೈದ್ಯರಾದ ಹೆನ್ರಿ ಹೆಡ್ ಮತ್ತು ಜಾರ್ಜ್ ರಿಡಾಕ್ 1917ರಲ್ಲೇ ಗಾಯಾಳುಗಳ ಈ ವಿಪರೀತ ಬೆವರನ್ನು ದಾಖಲಿಸಿದ್ದರು. ಮೂತ್ರಕೋಶ ಹಿಗ್ಗಿದಂತೆ ಬಿಪಿ ಏರುವುದನ್ನು ಗುಟ್‌ಮನ್ ಮತ್ತು ವಿಟ್ಟರಿಜ್ 1947ರಲ್ಲಿ ತೋರಿಸಿಕೊಟ್ಟರು. ಇಷ್ಟು ಹಳೆಯ ತಿಳಿವಳಿಕೆ ಇದ್ದರೂ ಇಂದಿಗೂ ಇದನ್ನು ಮೈಗ್ರೇನ್ ಎಂದೋ ಗಾಬರಿ ಎಂದೋ ಬಗೆಯುವುದು ನಿಂತಿಲ್ಲ. ಅದು ನಮಗೆ ತುಂಬ ನೋವಿನ ಸಂಗತಿ.

ಅಂಕಿಯನ್ನು ಓದುವ ಬಗೆಯೂ ಇಲ್ಲಿ ಬೇರೆ. ಕುತ್ತಿಗೆ ಮಟ್ಟದ ಪೆಟ್ಟಾದವರ ಮಾಮೂಲಿ ಮೇಲಿನ ಬಿಪಿ ಸಾಮಾನ್ಯವಾಗಿ 90ರಿಂದ 110. ಅವರವರ ಮಾಮೂಲಿಗಿಂತ 20ರಿಂದ 40 ಹೆಚ್ಚಾದರೆ ಅದು ಡಿಸ್‌ರಿಫ್ಲೆಕ್ಸಿಯಾ ಇರಬಹುದು. ಮಕ್ಕಳಲ್ಲಿ 15 ಏರಿದರೂ ಅನುಮಾನಿಸಬೇಕು. 95 ಇರುವವರಿಗೆ 130 ಬಂದಾಗ ಯಂತ್ರದ ಮೇಲೆ ಅದು ದೊಡ್ಡದಾಗಿ ಕಾಣದು, ಆದರೆ ಏರಿದ್ದು 35. ಅಣ್ಣನದು 50 ಏರಿದೆ. ತಡೆಯದೆ ಬಿಟ್ಟರೆ ಇದು 200 ದಾಟಬಲ್ಲದು, ಮಿದುಳಿನಲ್ಲಿ ರಕ್ತಸ್ರಾವ, ಫಿಟ್ಸ್, ಸಾವಿನವರೆಗೂ ಹೋಗಬಲ್ಲದು. ದಿನಾ ಮಾತ್ರೆ ಕೊಟ್ಟರೆ 100/60 ಇರುವ ಹೊತ್ತಿನಲ್ಲಿ ಇನ್ನೂ ಇಳಿದು, ಕೂರಿಸಿದಾಗ ಕಣ್ಣು ಕತ್ತಲೆ ಬರುತ್ತದೆ. ಕೆರಳಿಸುತ್ತಿರುವ ಕಾರಣವೋ ಅಲ್ಲೇ ಉಳಿಯುತ್ತದೆ. ನಾಳೆಯಿಂದಲೇ ಒಂದು ವಾರ ಬೆಳಿಗ್ಗೆ ಮಲಗಿದ್ದಾಗ, ಕೂತಾಗ, ಸಂಜೆ ಹೀಗೆ ಮೂರು ಹೊತ್ತು ಬಿಪಿ ನೋಡಿ ಬರೆದಿಡಿ. ಮಾಮೂಲಿ ಎಷ್ಟೆಂದು ಗೊತ್ತಿಲ್ಲದಿದ್ದರೆ ಏರಿದ್ದು ಎಷ್ಟೆಂದು ಗೊತ್ತಾಗುವುದಿಲ್ಲ.

ಪ್ರಶ್ನೆ: ಡಿಸ್‌ರಿಫ್ಲೆಕ್ಸಿಯಾ ಬಂದ ಕ್ಷಣದಲ್ಲಿ ಮನೆಯಲ್ಲಿ ಏನೇನು, ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ಮೊದಲು ಕೂರಿಸಿ. ಹಾಸಿಗೆಯಲ್ಲಿದ್ದರೆ ಬೆನ್ನು ನೆಟ್ಟಗೆ, ಕಾಲುಗಳು ಅಂಚಿನಿಂದ ಕೆಳಗೆ ಇಳಿಬಿದ್ದಿರಲಿ. ವೀಲ್‌ಚೇರ್‌ನಲ್ಲಿದ್ದರೆ ಹಿಂದಕ್ಕೆ ವಾಲಿಸಬೇಡಿ, ಕಾಲು ಇಳಿಸಿ. ಹೀಗೆ ಕೂತಾಗ ರಕ್ತ ಕಾಲಿಗೆ ಇಳಿದು ಬಿಪಿ ಸ್ವಲ್ಪವಾದರೂ ತಗ್ಗುತ್ತದೆ. ತಲೆನೋವೆಂದು ಮಲಗಿಸುವುದು ಎಲ್ಲರೂ ಮಾಡುವ ತಪ್ಪು, ಮಲಗಿಸಿದರೆ ಇನ್ನೂ ಏರುತ್ತದೆ. ಹೊಟ್ಟೆಯ ಬೈಂಡರ್, ಬಿಗಿ ಕಾಲುಚೀಲ, ಬೆಲ್ಟ್, ಶೂ, ಕಾಲಿಗೆ ಕಟ್ಟಿದ ಯೂರಿನ್ ಬ್ಯಾಗಿನ ಪಟ್ಟಿ ಎಲ್ಲ ಬಿಚ್ಚಿ. ಒಬ್ಬರು 2ರಿಂದ 5 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿರಲಿ.

ಆಮೇಲೆ ಮೂತ್ರಕೋಶ. ಹೆಚ್ಚಿನ ಸಲ ಕಾರಣ ಸಿಗುವುದು ಇಲ್ಲೇ. ಕ್ಯಾಥೆಟರ್ ಮೈಯಿಂದ ಹೊರಬರುವ ಜಾಗದಿಂದ ಹಿಡಿದು ಚೀಲದವರೆಗೆ ನಳಿಕೆಯನ್ನು ಬೆರಳಿನಲ್ಲಿ ಸವರುತ್ತ ಬನ್ನಿ. ತೊಡೆಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿದೆಯೆ? ಪ್ಯಾಂಟಿನ ಸೊಂಟಪಟ್ಟಿಯ ಹತ್ತಿರ ಮಡಚಿಕೊಂಡಿದೆಯೆ? ಚೀಲ ತುಂಬಿದೆಯೆ, ಮೂತ್ರಕೋಶಕ್ಕಿಂತ ಎತ್ತರದಲ್ಲಿ ತೂಗುತ್ತಿದೆಯೆ? ನಳಿಕೆಯ ಒಳಗೋಡೆಗೆ ಮರಳಿನಂಥ ಗಸಿ ಅಂಟಿದೆಯೆ? ಮಡಿಕೆ ಬಿಡಿಸಿದ ತಕ್ಷಣ ಮೂತ್ರ ರಭಸದಿಂದ ಹರಿದು, ಕೆಲವೇ ನಿಮಿಷದಲ್ಲಿ 150 ಇದ್ದದ್ದು 110ಕ್ಕೆ ಬಂದರೆ ಉತ್ತರ ಸಿಕ್ಕಿತು.

ಮಡಿಕೆ ಇಲ್ಲದೆಯೂ ಮೂತ್ರ ಬರುತ್ತಿಲ್ಲವೆಂದರೆ, ಮೈಬಿಸಿಯಷ್ಟು ಬೆಚ್ಚಗಿರುವ ನಾರ್ಮಲ್ ಸಲೈನ್ 10ರಿಂದ 15 ಮಿಲಿ ಮಾತ್ರ ಮೆಲ್ಲಗೆ ಹಾಕಿ ನೋಡಿ. ಹೆಚ್ಚು ಹಾಕಿದರೆ ಮೊದಲೇ ಬಿರಿಯುತ್ತಿರುವ ಮೂತ್ರಕೋಶ ಇನ್ನಷ್ಟು ಹಿಗ್ಗುತ್ತದೆ. ತಣ್ಣನೆಯ ಸಲೈನ್ ತಾನೇ ಕೆರಳಿಸುತ್ತದೆ. ಹಾಕಿದ್ದು ವಾಪಸು ಬರದಿದ್ದರೆ ಕ್ಯಾಥೆಟರ್ ಬದಲಿಸಲೇಬೇಕು. ಬದಲಿಸುವ ಮುನ್ನ ಮರಗಟ್ಟಿಸುವ 2% ಲಿಗ್ನೋಕೇನ್ ಜೆಲ್ ಮೂತ್ರನಾಳಕ್ಕೆ ಹಾಕಿ ಎರಡು ನಿಮಿಷವಾದರೂ ಕಾಯಿರಿ. ಹೊಸ ಕ್ಯಾಥೆಟರ್‌ನಿಂದ ಮೂತ್ರ ಹರಿಯುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಅದರ ತುದಿಯ ಬಲೂನ್ ಉಬ್ಬಿಸಿ. ಮೂತ್ರನಾಳದೊಳಗೇ ಬಲೂನ್ ಉಬ್ಬಿದರೆ ಅದೇ ಹೊಸ ಕೆರಳಿಕೆಯಾಗಿ ಬಿಪಿ ಮತ್ತೆ ಜಿಗಿಯುತ್ತದೆ, ಗಾಯವೂ ಆಗುತ್ತದೆ. ಸದಾ ಕ್ಯಾಥೆಟರ್ ಇಲ್ಲದವರು, ಹೊತ್ತುಹೊತ್ತಿಗೆ ತಾವೇ ಹಾಕಿಕೊಳ್ಳುವವರು, ಇನ್ನೂ ಹೊತ್ತಾಗಿಲ್ಲ ಎಂದು ಕೂರದೆ ಆಗಲೇ ಖಾಲಿ ಮಾಡಿಸಿಕೊಳ್ಳಬೇಕು. ಕಿಬ್ಬೊಟ್ಟೆ ಒತ್ತುವುದು, ತಟ್ಟುವುದು ಬೇಡ.

ಮೂತ್ರ ಸರಿಯಾಗಿದ್ದೂ ಬಿಪಿ ಇಳಿಯದಿದ್ದರೆ ಮುಂದಿನದು ಗುದದ್ವಾರದಲ್ಲಿ ಗಟ್ಟಿಗಟ್ಟಿದ ಮಲ. ಮೇಲಿನ ಬಿಪಿ 150 ಅಥವಾ ಹೆಚ್ಚಿದ್ದರೆ ಮೊದಲು ವೈದ್ಯರು ಹೇಳಿದ ತುರ್ತು ಔಷಧ, ಆಮೇಲೆ ಬೆರಳು. ಕಡಿಮೆ ಇದ್ದರೆ ಗ್ಲೌಸ್ ಹಾಕಿ, ಲಿಗ್ನೋಕೇನ್ ಜೆಲ್ ಹಚ್ಚಿ ಐದು ನಿಮಿಷ ಬಿಟ್ಟು, ಒಂದೇ ಬೆರಳಿನಿಂದ ಮೆಲ್ಲಗೆ ತೆಗೆಯಿರಿ. ಮಾಡುತ್ತಿರುವಾಗಲೇ ಬಿಪಿ ಏರಿದರೆ ಕೈ ನಿಲ್ಲಿಸಿ, ಮತ್ತೆ ಜೆಲ್ ಹಾಕಿ ಇಪ್ಪತ್ತು ನಿಮಿಷ ಬಿಡಿ.

ಅಲ್ಲೂ ಏನಿಲ್ಲವೆಂದರೆ ಇಡೀ ಮೈಯನ್ನು ಬೆಳಕಿನಲ್ಲಿ ನೋಡಿ. ಪೃಷ್ಠ ಮತ್ತು ಹಿಮ್ಮಡಿಯಲ್ಲಿ ಬೆಡ್‌ಸೋರ್, ಮಾಂಸದೊಳಗೆ ಬೆಳೆದ ಕಾಲುಗುರು, ಸುಟ್ಟ ಗಾಯ, ಬಟ್ಟೆಯ ಹೊಲಿಗೆಯ ಒತ್ತು, ಗಂಡಸರಲ್ಲಿ ವೃಷಣ ತೊಡೆಯ ಕೆಳಗೆ ಸಿಕ್ಕಿಕೊಂಡಿರುವುದು, ಊದಿದ ಕಾಲಿನೊಳಗೆ ಗೊತ್ತಾಗದ ಮೂಳೆಮುರಿತ. ಕಾರಣ ಸಿಗದಿದ್ದರೆ ಅಥವಾ ಬಿಪಿ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕೂತೇ ಹೋಗಲಿ. ಇಳಿದ ಮೇಲೂ ಎರಡು ಗಂಟೆ ಬಿಪಿ ಗಮನಿಸಿ. ಕೆಲವರಲ್ಲಿ ಕಾರಣ ತೆಗೆದೊಡನೆ ಬಿಪಿ ಮಾಮೂಲಿಗಿಂತ ಕೆಳಗೆ ಕುಸಿಯುತ್ತದೆ. ಮಲಗಿಸಿ ಕಾಲೆತ್ತಬೇಕಾದದ್ದು ಆಗ.

ಪ್ರಶ್ನೆ: ತುರ್ತಿಗೆ ಬಿಪಿ ಇಳಿಸುವ ನಿಫೆಡಿಪಿನ್ ಮಾತ್ರೆ ನಾಲಿಗೆ ಕೆಳಗಿಟ್ಟರೆ ಸಾಕೆ?

ಉತ್ತರ: ನಾಲಿಗೆ ಕೆಳಗಿಡುವುದು ಸರಿಯಲ್ಲ. ಅದನ್ನು ಬಳಸುವವರು ಬೇಗ ಕೆಲಸ ಮಾಡುವ 10 ಮಿಗ್ರಾಂ ಕ್ಯಾಪ್ಸೂಲನ್ನು ಕಚ್ಚಿ ನುಂಗಿಸುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಇಲ್ಲಿ ಉಪಯೋಗಕ್ಕೆ ಬಾರದು. ನಿಫೆಡಿಪಿನ್‌ನ ತೊಂದರೆ ಎಂದರೆ ಬಿಪಿಯನ್ನು ಎಷ್ಟು ಇಳಿಸುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ವಯಸ್ಸಾದವರಿಗೆ, ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಆ ಕುಸಿತವೇ ಅಪಾಯ. ನಮಗೆ ಹೆಚ್ಚು ಒಪ್ಪಿಗೆಯಾಗುವುದು 2% ನೈಟ್ರೋಗ್ಲಿಸರಿನ್ ಮುಲಾಮು. ಪೆಟ್ಟಿನ ಮಟ್ಟಕ್ಕಿಂತ ಮೇಲೆ, ಎದೆಯ ಮೇಲ್ಭಾಗಕ್ಕೋ ತೋಳಿಗೋ, ಒಂದು ಇಂಚಿನಷ್ಟು ಹಚ್ಚುತ್ತಾರೆ. ಕಾರಣ ಸಿಕ್ಕು ಬಿಪಿ ಇಳಿಯತೊಡಗಿದರೆ ಒರೆಸಿ ತೆಗೆಯಬಹುದು. ನುಂಗಿದ ಮಾತ್ರೆಯನ್ನು ಹಾಗೆ ವಾಪಸು ತೆಗೆಯಲಾಗದು. ಹಚ್ಚುವವರು ಗ್ಲೌಸ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅವರ ತಲೆ ನೋಯುತ್ತದೆ. ಕ್ಯಾಪ್ಟೊಪ್ರಿಲ್ 25 ಮಿಗ್ರಾಂ ಬಳಸುವುದೂ ಉಂಟು.

ಒಂದು ಎಚ್ಚರಿಕೆಯಂತೂ ಮರೆಯಲೇಬಾರದು. ಲೈಂಗಿಕ ಕ್ರಿಯೆಗಾಗಿ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಾಡಾಲಾಫಿಲ್ ತೆಗೆದುಕೊಂಡು 48 ಗಂಟೆ ಕಳೆಯದಿದ್ದರೆ ನೈಟ್ರೋಗ್ಲಿಸರಿನ್ ಮುಟ್ಟಕೂಡದು, ಬಿಪಿ ಪಾತಾಳಕ್ಕಿಳಿಯುತ್ತದೆ. ಲೈಂಗಿಕ ಕ್ರಿಯೆಯೇ ಡಿಸ್‌ರಿಫ್ಲೆಕ್ಸಿಯಾಕ್ಕೆ ಕಾರಣವಾಗುವುದರಿಂದ ಈ ಎರಡು ಔಷಧಗಳು ಒಂದೇ ರಾತ್ರಿ ಎದುರಾಗುವ ಸಾಧ್ಯತೆ ನಿಜಕ್ಕೂ ಇದೆ. ಸಂಕೋಚ ಬಿಟ್ಟು ವೈದ್ಯರಿಗೂ ಆಂಬ್ಯುಲೆನ್ಸಿನವರಿಗೂ ಹೇಳಿ. ಯಾವ ಔಷಧ, ಎಷ್ಟು, ಯಾವ ಅಂಕಿಗೆ ಎಂಬುದನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ.

ಪ್ರಶ್ನೆ: ನನಗೆ ಸಿ-7 ಮಟ್ಟದ ಪೆಟ್ಟು. ಬೆಳಿಗ್ಗೆ ವೀಲ್‌ಚೇರ್‌ಗೆ ಕೂರಿಸಿದರೆ ಕಣ್ಣು ಕತ್ತಲೆ, ಕಿವಿ ಗುಂಯ್, ಬಿಪಿ 75. ಅದೇ ನನಗೆ ಇನ್ನೊಂದು ಹೊತ್ತಿನಲ್ಲಿ 160. ಒಂದೇ ಮೈಯಲ್ಲಿ ಎರಡೂ ಹೇಗೆ?

ಉತ್ತರ: ಎರಡಕ್ಕೂ ಮೂಲ ಒಂದೇ: ಮಿದುಳಿನ ಹಿಡಿತ ಪೆಟ್ಟಿನ ಕೆಳಗಿನ ರಕ್ತನಾಳಗಳಿಗೆ ತಲುಪುತ್ತಿಲ್ಲ. ಬಿಗಿಯಬೇಕಾದಾಗ ಅವು ಬಿಗಿಯುವುದಿಲ್ಲ, ಬಿಗಿದಾಗ ಸಡಿಲಿಸುವವರಿಲ್ಲ. ಎದ್ದು ಕೂತಾಗ ರಕ್ತ ಕಾಲಿಗೂ ಹೊಟ್ಟೆಗೂ ಇಳಿದು ಅಲ್ಲೇ ನಿಲ್ಲುತ್ತದೆ. ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಆರ್ಥೊಸ್ಟ್ಯಾಟಿಕ್ ಹೈಪೊಟೆನ್ಶನ್ ಎನ್ನುತ್ತಾರೆ.

ಎರಡಕ್ಕೂ ಮಾಡಬೇಕಾದ ಉಪಚಾರ ತದ್ವಿರುದ್ಧ. ಮುಖ ಬಿಳಿಚಿ, ಕಣ್ಣು ಮಂಜಾಗಿ, ತಲೆ ಹಗುರವಾದರೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕಾಲೆತ್ತಬೇಕು. ಮುಖ ಕೆಂಪಾಗಿ, ಬೆವರಿ, ತಲೆ ಬಡಿದುಕೊಳ್ಳುತ್ತಿದ್ದರೆ ನೆಟ್ಟಗೆ ಕೂರಿಸಿ ಕಾಲಿಳಿಸಬೇಕು. ಗೊಂದಲವಾದರೆ ಬಿಪಿ ಯಂತ್ರವೇ ಗತಿ, ಅದು ಕೈಗೆಟಕುವ ಜಾಗದಲ್ಲಿರಲಿ.

ಬೆಳಗಿನ ಕುಸಿತ ತಪ್ಪಿಸಲು ಹಾಸಿಗೆಯಲ್ಲಿ ಇನ್ನೂ ಮಲಗಿರುವಾಗಲೇ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಅಥವಾ ಒತ್ತುವ ಸ್ಟಾಕಿಂಗ್ಸ್, ಹೊಟ್ಟೆಗೆ ಬೈಂಡರ್ ಕಟ್ಟಿ. ಕೂತ ಮೇಲೆ ಕಟ್ಟಿದರೆ ರಕ್ತ ಆಗಲೇ ಕೆಳಗಿಳಿದಿರುತ್ತದೆ. ತಲೆಕಡೆಯನ್ನು 30 ಡಿಗ್ರಿ, ಆಮೇಲೆ 60 ಹೀಗೆ ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಕೆಲವು ನಿಮಿಷ ನಿಲ್ಲಿ. ರಾತ್ರಿಯೂ ತಲೆಕಡೆ ತುಸು ಎತ್ತರವಿರಲಿ. ಒಮ್ಮೆಲೇ ಹೊಟ್ಟೆ ತುಂಬ ಉಂಡ ಮೇಲೂ, ಸೆಕೆಯಲ್ಲೂ ಬಿಪಿ ಇಳಿಯುತ್ತದೆ. ಪದೇಪದೇ ಕ್ಯಾಥೆಟರ್ ಹಾಕುವ ರಗಳೆ ಬೇಡವೆಂದು ನೀರು ಕಡಿಮೆ ಕುಡಿಯುವವರು ಬಹಳ ಮಂದಿ. ಅದು ಬಿಪಿಯನ್ನೂ ಕೆಡಿಸುತ್ತದೆ, ಮೂತ್ರದ ಸೋಂಕನ್ನೂ ತರುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಬಿಪಿ ಏರಿಸುವ ಮಿಡೊಡ್ರಿನ್ ಕೊಡುತ್ತಾರೆ. ಅದರ ಕೊನೆಯ ಮಾತ್ರೆ ಮಲಗುವುದಕ್ಕೆ ನಾಲ್ಕು ಗಂಟೆಯಾದರೂ ಮುಂಚೆ ಮುಗಿದಿರಬೇಕು. ನಿಮಗೆ 160 ಆಗುವುದೂ ಇದೆ ಎಂದು ಅವರಿಗೆ ಹೇಳಲೇಬೇಕು, ಏಕೆಂದರೆ ಮಿಡೊಡ್ರಿನ್ ಆ ಏರಿಕೆಯನ್ನು ಹೆಚ್ಚಿಸಬಲ್ಲದು.

ಪ್ರಶ್ನೆ: ಮಲವಿಸರ್ಜನೆ ಮಾಡಿಸುವಾಗಲೇ ತಲೆನೋವು ಶುರುವಾಗುತ್ತದೆ. ಹಾಗೆಂದು ಬಿಡಲೂ ಆಗದು.

ಉತ್ತರ: ಬಿಡಬೇಡಿ, ಬಿಟ್ಟರೆ ಗಟ್ಟಿಯಾದ ಮಲವೇ ಮುಂದಿನ ಸಲ ಇನ್ನೂ ಕೆರಳಿಸುತ್ತದೆ. ಬೆರಳಿನ ಪ್ರಚೋದನೆಗೆ ಐದರಿಂದ ಹತ್ತು ನಿಮಿಷ ಮೊದಲು 2% ಲಿಗ್ನೋಕೇನ್ ಜೆಲ್ ಒಳಗೆ ಹಾಕಿ. ಬೆರಳನ್ನು 15ರಿಂದ 20 ಸೆಕೆಂಡು ಮೆಲ್ಲಗೆ ಸುತ್ತಾಗಿ ಆಡಿಸಿ ನಿಲ್ಲಿಸಿ, ಐದು ಹತ್ತು ನಿಮಿಷ ಬಿಟ್ಟು ಮತ್ತೆ. ಒರಟಾಗಿ, ಎಡೆಬಿಡದೆ ಮಾಡಿದಾಗಲೇ ಹೆಚ್ಚು ತೊಂದರೆ. ದೊಡ್ಡ ಪ್ರಮಾಣದ ಎನಿಮಾ ಕರುಳನ್ನು ಹಿಗ್ಗಿಸುವುದರಿಂದ ಅದು ಬೇಡ. ಊಟವಾಗಿ 20-30 ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತನ್ನೇ ದಿನಾ ಅಥವಾ ದಿನ ಬಿಟ್ಟು ದಿನ ಹಿಡಿಯಿರಿ. ಮಾಡಿಸುವ ಮೊದಲು ಮೂತ್ರಕೋಶ ಖಾಲಿ ಇರಲಿ. ಇಷ್ಟಾದರೂ ಪ್ರತಿ ಸಲ ಬಿಪಿ ಏರಿದರೆ ಮೂಲವ್ಯಾಧಿಯೋ ಗುದದ ಸೀಳೋ ಇದೆಯೆ ಎಂದು ತೋರಿಸಿ. ಅದರ ನೋವು ನಿಮಗೆ ತಿಳಿಯುವುದಿಲ್ಲ, ಬಿಪಿಗೆ ತಿಳಿಯುತ್ತದೆ.

ಪ್ರಶ್ನೆ: ಪೆಟ್ಟು ಎಲ್-1ರಲ್ಲಿ. ನನಗೂ ಇದು ಬರಬಹುದೆ?

ಉತ್ತರ: ಇಲ್ಲ. ಹೊಟ್ಟೆಯ ರಕ್ತನಾಳಗಳನ್ನು ಆಳುವ ನರಗಳು ಪೆಟ್ಟಿಗಿಂತ ಮೇಲೆ ಹೊರಬಿದ್ದಿರುವುದರಿಂದ ನಿಮ್ಮ ಮಿದುಳಿನ ಹಿಡಿತ ಉಳಿದಿದೆ. ಟಿ-6ಕ್ಕಿಂತ ಕೆಳಗೆ ಟಿ-8ರವರೆಗೆ ಅಪರೂಪಕ್ಕೆ ಕಂಡದ್ದುಂಟು. ನಿಮಗೆ ತಲೆನೋವು, ಬಿಪಿ ಇದ್ದರೆ ಬೇರೆ ಕಾರಣ ಹುಡುಕಬೇಕು.

ಪ್ರಶ್ನೆ: ನನ್ನ ಹೆಂಡತಿಗೆ ಟಿ-4 ಮಟ್ಟದ ಪೆಟ್ಟು, ಈಗ ಐದು ತಿಂಗಳ ಬಸುರಿ. ಹೆರಿಗೆಯಲ್ಲಿ ಏನು ನೆನಪಿಡಬೇಕು?

ಉತ್ತರ: ಹೆರಿಗೆ ನೋವು ಆಕೆಗೆ ನೋವಾಗಿ ತಿಳಿಯದಿರಬಹುದು. ಟಿ-10ಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಗರ್ಭಕೋಶದ ಸೆಳೆತ ತಲೆನೋವು, ರೋಮ ನಿಮಿರುವಿಕೆ, ಕಾಲಿನ ಸೆಳವು, ಉಸಿರಿನ ಬದಲಾವಣೆ ಹೀಗೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಮೇಲೆ ಅಂಗೈಯಿಟ್ಟು ಗರ್ಭಕೋಶ ಗಟ್ಟಿಯಾಗುವುದನ್ನು ಗುರುತಿಸಲು ಇಬ್ಬರೂ ಕಲಿಯಿರಿ.

ಹೆರಿಗೆಯ ಹೊತ್ತಿನ ದೊಡ್ಡ ಅಪಾಯ ಡಿಸ್‌ರಿಫ್ಲೆಕ್ಸಿಯಾವನ್ನು ಪ್ರಿಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರುವ ಕಾಯಿಲೆ) ಎಂದು ತಪ್ಪಾಗಿ ತಿಳಿಯುವುದು. ಒಂದು ಸುಳಿವಿದೆ: ಡಿಸ್‌ರಿಫ್ಲೆಕ್ಸಿಯಾದಲ್ಲಿ ಬಿಪಿ ಪ್ರತಿ ಸೆಳೆತದ ಜೊತೆ ಏರಿ, ಸೆಳೆತ ಬಿಟ್ಟಾಗ ಇಳಿಯುತ್ತದೆ. ಪ್ರಿಎಕ್ಲಾಂಪ್ಸಿಯಾದ ಏರಿಕೆ ಸೆಳೆತಕ್ಕೆ ಕಾಯುವುದಿಲ್ಲ. ಡಿಸ್‌ರಿಫ್ಲೆಕ್ಸಿಯಾಕ್ಕೆ ಅತ್ಯುತ್ತಮ ತಡೆ ಎಪಿಡ್ಯೂರಲ್, ಅಂದರೆ ಬೆನ್ನಿಗೆ ಕೊಡುವ ಅರಿವಳಿಕೆ. ನೋವೇ ಇಲ್ಲವಲ್ಲ, ಎಪಿಡ್ಯೂರಲ್ ಏಕೆ ಎಂದು ಯಾರಾದರೂ ಕೇಳಿದರೆ, ಅದು ನೋವಿಗಲ್ಲ, ಕೆಳಗಿಂದ ಬರುವ ಸುದ್ದಿಯನ್ನು ತಡೆದು ಬಿಪಿ ಕಾಯುವುದಕ್ಕೆ ಎಂದು ಹೇಳಿ. ಈಗಿಂದೀಗಲೇ ಪ್ರಸೂತಿ ವೈದ್ಯರು ಮತ್ತು ಅರಿವಳಿಕೆ ವೈದ್ಯರನ್ನು ಒಟ್ಟಿಗೆ ಕಂಡು ಯೋಜನೆ ಮಾಡಿಸಿ. ಹೆರಿಗೆಯ ನಂತರವೂ ಹೊಲಿಗೆಯ ನೋವು, ತುಂಬಿದ ಮೂತ್ರಕೋಶದಿಂದ ಇದು ಮರುಕಳಿಸಬಹುದು.

ಪ್ರಶ್ನೆ: ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡಬೇಕಂತೆ. ಸ್ಪರ್ಶವೇ ಇಲ್ಲವಾದ್ದರಿಂದ ಅರಿವಳಿಕೆ ಬೇಡ ಎಂದಿದ್ದಾರೆ. ಸರಿಯೆ?

ಉತ್ತರ: ನಿಮ್ಮ ಪೆಟ್ಟು ಟಿ-6 ಅಥವಾ ಮೇಲಿದ್ದರೆ ಸರಿಯಲ್ಲ. ಸಿಸ್ಟೊಸ್ಕೋಪಿಯಲ್ಲಿ ಮೂತ್ರಕೋಶಕ್ಕೆ ನೀರು ತುಂಬುತ್ತಾರೆ, ಅದು ಡಿಸ್‌ರಿಫ್ಲೆಕ್ಸಿಯಾವನ್ನು ಎಬ್ಬಿಸುವ ನೇರ ದಾರಿ. ಅರಿವಳಿಕೆಯ ವಿಷಯ ಮತ್ತೊಮ್ಮೆ ಚರ್ಚಿಸಿ, ಉದ್ದಕ್ಕೂ ಬಿಪಿ ನೋಡುತ್ತಿರಬೇಕೆಂದು ಕೇಳಿ. ಏರಿದರೆ ಮಾಡಬೇಕಾದ ಮೊದಲ ಕೆಲಸ ತುಂಬಿದ ನೀರನ್ನು ಹೊರಬಿಡುವುದು. ಹಲ್ಲು ಕೀಳುವುದು, ಪೆಟ್ಟಿಗಿಂತ ಮೇಲಿನ ಕೆಲಸ, ಆ ಲೆಕ್ಕಕ್ಕೆ ಬರುವುದಿಲ್ಲ. ಕಾಲುಗುರು ಕತ್ತರಿಸುವ ಸಣ್ಣ ಶಸ್ತ್ರಚಿಕಿತ್ಸೆ ಬರುತ್ತದೆ.

ಪ್ರಶ್ನೆ: ಸೆಕೆಯ ದಿನಗಳಲ್ಲಿ ಹೊರಗೆ ಹೋಗಿಬಂದರೆ ಮೈ 101 ಡಿಗ್ರಿ. ಆಂಟಿಬಯೋಟಿಕ್ ಬೇಕೆ?

ಉತ್ತರ: ಪೆಟ್ಟಿನ ಕೆಳಗೆ ಬೆವರೂ ಇಲ್ಲ, ಚರ್ಮದ ನಾಳಗಳನ್ನು ಅರಳಿಸುವ ಆಜ್ಞೆಯೂ ಇಲ್ಲ. ಹಾಗಾಗಿ ನಿಮ್ಮ ಮೈಬಿಸಿ ಸುತ್ತಲಿನ ಗಾಳಿಯ ಹಿಂದೆಯೇ ಓಡುತ್ತದೆ. ನೆರಳಿಗೆ ಬಂದು, ಮೈಗೆ ನೀರು ಸಿಂಪಡಿಸಿ ಫ್ಯಾನ್ ಗಾಳಿಗೆ ಒಡ್ಡಿಕೊಳ್ಳಿ. ನೀರು ಆರುವುದೇ ನಿಮ್ಮ ಬೆವರು. ಗಂಟೆ ಎರಡರಲ್ಲಿ ಇಳಿದರೆ ಅದು ಸೆಕೆಯದ್ದು. ಇಳಿಯದಿದ್ದರೆ, ಅಥವಾ ಮೂತ್ರ ಕದಡಿದ್ದರೆ, ಕಾಲಿನ ಸೆಳವು ಹೆಚ್ಚಿದ್ದರೆ ಸೋಂಕಿನ ಪರೀಕ್ಷೆ ಆಗಲೇಬೇಕು. ಚಳಿಯಲ್ಲಿ ಬಿಸಿನೀರಿನ ಚೀಲವನ್ನು ಕಾಲಿನ ಬಳಿ ಇಡಬೇಡಿ. ಸುಟ್ಟರೂ ತಿಳಿಯದು, ಆ ಸುಟ್ಟಗಾಯವೇ ಬಿಪಿಯನ್ನು ಏರಿಸುತ್ತದೆ.

ಪ್ರಶ್ನೆ: ವೀಲ್‌ಚೇರ್ ಓಟದಲ್ಲಿ ಕೆಲವರು ಬೇಕೆಂದೇ ಕ್ಯಾಥೆಟರ್ ಮುಚ್ಚಿ ಬಿಪಿ ಏರಿಸಿಕೊಳ್ಳುತ್ತಾರಂತೆ. ನಿಜವೆ?

ಉತ್ತರ: ನಿಜ, ಅದನ್ನು ಬೂಸ್ಟಿಂಗ್ ಎನ್ನುತ್ತಾರೆ. ಬಿಪಿ ಏರಿದಾಗ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿದು ಓಟ ಚುರುಕಾಗುತ್ತದೆ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಇದನ್ನು ನಿಷೇಧಿಸಿದೆ. ಮಿದುಳಿನ ರಕ್ತನಾಳ ಒಡೆಯುವ ಅಪಾಯವನ್ನು ತಾನಾಗಿ ಮೈಮೇಲೆಳೆದುಕೊಳ್ಳುವ ಕೆಲಸ ಇದು. ಯಾವ ಪದಕಕ್ಕೂ ಬೇಡ.

ಪ್ರಶ್ನೆ: ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಈ ಹೆಸರು ಹೇಳಿದರೆ ಹಲವರಿಗೆ ಗೊತ್ತಾಗುವುದಿಲ್ಲ. ಹೇಗೆ ತಿಳಿಸಲಿ?

ಉತ್ತರ: ಬಾಯಿಮಾತಿಗೆ ಆಗ ಬೆಲೆಯೂ ಕಡಿಮೆ, ಹೇಳುವ ಶಕ್ತಿಯೂ ಇರುವುದಿಲ್ಲ. ಅಂಗೈಯಗಲದ ಕಾರ್ಡೊಂದನ್ನು ಲ್ಯಾಮಿನೇಟ್ ಮಾಡಿಸಿ ವೀಲ್‌ಚೇರ್‌ಗೆ ಕಟ್ಟಿಡಿ, ಅದರ ಫೋಟೊ ಮನೆಯವರ ಮೊಬೈಲಿನಲ್ಲಿರಲಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಪೆಟ್ಟಿನ ಮಟ್ಟ ಮತ್ತು ಮಾಮೂಲಿ ಬಿಪಿ. ಅದರ ಕೆಳಗೆ ಹೀಗೆ: “ನನಗೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಬರುತ್ತದೆ. ನನ್ನ ಪಾಲಿಗೆ 130 ಅಪಾಯ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬಟ್ಟೆ ಸಡಿಲಿಸಿ. ಮೊದಲು ಮೂತ್ರಕೋಶ, ನಂತರ ಮಲ, ನಂತರ ಚರ್ಮ ನೋಡಿ.” 130 ಎಂಬ ಜಾಗದಲ್ಲಿ ನಿಮ್ಮ ಮಾಮೂಲಿಗೆ ತಕ್ಕ ಅಂಕಿ ಬರೆಯಿರಿ. ಹಿಂಬದಿಯಲ್ಲಿ ಕ್ಯಾಥೆಟರಿನ ಅಳತೆ, ಕಳೆದ ಬಾರಿ ಬದಲಿಸಿದ ದಿನ, ಆಗದ ಔಷಧಗಳು, ಸಿಲ್ಡೆನಾಫಿಲ್ ಅಥವಾ ಟಾಡಾಲಾಫಿಲ್ ಬಳಸುತ್ತೀರೋ ಇಲ್ಲವೋ, ನಿಮ್ಮ ವೈದ್ಯರ ಫೋನ್ ನಂಬರ್. ಕ್ಯಾಥೆಟರ್ ಬದಲಿಸಿದಾಗಲೆಲ್ಲ ಆ ದಿನಾಂಕವನ್ನು ತಿದ್ದಬೇಕು, ಹಾಗಾಗಿ ಅಲ್ಲಿಗೆ ಒರೆಸಿ ಬರೆಯಬಹುದಾದ ಪೆನ್ ಬಳಸಿ.